ಸರಪಳಿ ತೂಗುಹಾಕಿ ಚಾವಣಿ ಕಂಡುಕೊಂಡ ಕಂಚುಗಾರನ ಮಗ

ಕೊಡಿಕೊಂಡ: ಚೆಕ್‌ಪೋಸ್ಟಿನಿಂದ ಬಾಗೇಪಲ್ಲಿ ಕಡೆಗಾದರೂ ಹೋಗಿ, ಪೆನುಕೊಂಡದ ಕಡೆಗಾದರೂ ಹೋಗಿ, ಹೆದ್ದಾರಿಯ ಬದಿಯಲ್ಲಿ ಈಗ ಬಾಗಿದ ಚಾವಣಿಗಳದೇ ಕಾಲ. ಪೆಟ್ರೋಲ್ ಬಂಕು, ಗೋದಾಮು, ಫಂಕ್ಷನ್ ಹಾಲು ಎಲ್ಲಕ್ಕೂ ಬಿಲ್ಲಿನಂತೆ ಬಗ್ಗಿದ ತಗಡು. ನಮ್ಮ ಕಡೆಯ ಹುಡುಗರು ಕಂಪ್ಯೂಟರಿನಲ್ಲಿ ಮನೆ ನಕ್ಷೆ ಹಾಕುವುದನ್ನು ಕಲಿತು ಬೆಂಗಳೂರಿನಲ್ಲಿ ಕೆಲಸ ಹಿಡಿದಿದ್ದಾರೆ. ಚಪ್ಪಟೆ ಮಾಳಿಗೆಯಾದರೆ ಅವರಿಗೆ ಒಂದು ಗಂಟೆಯ ಕೆಲಸ. ಬಾಗಿದ ಚಾವಣಿ ಬಂತೆಂದರೆ ಮಾತ್ರ ತಲೆ ಕೆರೆದುಕೊಳ್ಳುವುದು ಶುರು. ತೆರೆಯ ಮೇಲೆ ಡೊಂಕು ಗೆರೆ ಎಳೆಯುವುದು ಕಷ್ಟವಲ್ಲ. ಯಾವ ಡೊಂಕು ಎಳೆಯಬೇಕು, ಎಳೆದದ್ದನ್ನು ಮೇಸ್ತ್ರಿ ಕಟ್ಟಬಲ್ಲನೆ, ಕಟ್ಟಿದ್ದು ನಿಲ್ಲುತ್ತದೆಯೆ ಎಂಬುದೇ ಪ್ರಶ್ನೆ.

ಈ ಮೂರು ಪ್ರಶ್ನೆಗಳಿಗೆ ಕಂಪ್ಯೂಟರು ಹುಟ್ಟುವ ಮೊದಲೇ ಉತ್ತರ ಕಂಡುಕೊಂಡ ಮನುಷ್ಯನೊಬ್ಬನಿದ್ದ. ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಆಂಟೊನಿ ಗೌದಿ. ನಮ್ಮ ಗೌಡರಿಗೂ ಈತನಿಗೂ ಏನೂ ಸಂಬಂಧವಿಲ್ಲ, ಹೆಸರು ಹಾಗೆ ಕೇಳಿಸುತ್ತದೆ ಅಷ್ಟೆ. ಆತ ತೀರಿಕೊಂಡದ್ದು 1926ರ ಜೂನ್ 10ರಂದು. ಅಂದರೆ 2026ಕ್ಕೆ ನೂರು ವರ್ಷ. ಗಡಿಯ ಓದುಗರಿಗೆ ಆತನ ಕಥೆ ಹೇಳಲು ಇನ್ನೊಂದು ಕಾರಣವೂ ಇದೆ. ಮನೆಯಲ್ಲೊಂದು ಭಾಷೆ, ಕಚೇರಿಯಲ್ಲೊಂದು ಭಾಷೆ ಎಂಬ ನಮ್ಮ ಪಾಡು ಆತನದೂ ಆಗಿತ್ತು. ಅದನ್ನು ಮುಂದೆ ನೋಡೋಣ.

ತಾಮ್ರದ ಹಂಡೆಯ ಪಾಠ

ಗೌದಿ ಹುಟ್ಟಿದ್ದು 1852ರ ಜೂನ್ 25ರಂದು, ಸ್ಪೇನಿನ ಈಶಾನ್ಯದ ಕ್ಯಾಟಲೋನಿಯಾ ಸೀಮೆಯಲ್ಲಿ. ರೆಯುಸ್ ಪಟ್ಟಣದವರು ನಮ್ಮೂರಿನವನು ಎನ್ನುತ್ತಾರೆ, ಪಕ್ಕದ ರಿಯುದೋಮ್ಸ್ ಹಳ್ಳಿಯವರು ಇಲ್ಲ ನಮ್ಮವನು ಎನ್ನುತ್ತಾರೆ. ದೊಡ್ಡವರು ಸತ್ತ ಮೇಲೆ ಊರುಗಳು ಹೀಗೆ ಜಗಳವಾಡುವುದು ನಮಗೂ ಹೊಸದಲ್ಲ.

ತಂದೆ ತಾಮ್ರದ ಹಂಡೆ, ಭಟ್ಟಿಯ ಪಾತ್ರೆ ಮಾಡುವವನು. ನಾವು ಕಂಚುಗಾರ ಎನ್ನುತ್ತೇವೆ, ತೆಲುಗಿನಲ್ಲಿ ಕಂಚರಿ. ತಾಯಿಯ ಕಡೆಯವರೂ ಅದೇ ಕಸುಬಿನವರು. ಐವರು ಮಕ್ಕಳಲ್ಲಿ ಈತ ಕೊನೆಯವನು. ಚಿಕ್ಕಂದಿನಲ್ಲೇ ಕೀಲುನೋವು ಅಂಟಿಕೊಂಡದ್ದರಿಂದ ಬೇರೆ ಹುಡುಗರಂತೆ ಓಡಿ ಆಡುವ ಹಾಗಿರಲಿಲ್ಲ. ಕುಳಿತಲ್ಲೇ ಕುಳಿತು ಅಪ್ಪನ ಕೈಕೆಲಸ ನೋಡುತ್ತಿದ್ದ. ಚಪ್ಪಟೆ ತಾಮ್ರದ ತಗಡು ಸುತ್ತಿಗೆಯ ಏಟಿಗೆ ನಿಧಾನವಾಗಿ ಬಾಗಿ, ಹೊಟ್ಟೆ ಉಬ್ಬಿಸಿಕೊಂಡು ಹಂಡೆಯಾಗುತ್ತದೆ. ಕಾಗದದ ಮೇಲಿನ ನಕ್ಷೆಗಿಂತ ಮೊದಲು ವಸ್ತುವನ್ನೇ ಮನಸ್ಸಿನಲ್ಲಿ ಕಾಣುವ ಅಭ್ಯಾಸ ತನಗೆ ಈ ಅಂಗಡಿಯಿಂದಲೇ ಬಂತೆಂದು ಮುಂದೆ ಆತ ಹೇಳಿಕೊಳ್ಳುತ್ತಿದ್ದನಂತೆ. ಅದು ನಿಜವಿರಬೇಕು. ಆತ ಕಟ್ಟಿದ್ದನ್ನು ನೋಡಿದರೆ ಬಡಗಿಯ ಮಗನಂತೆ ಕಾಣುವುದಿಲ್ಲ, ಕಂಚುಗಾರನ ಮಗನಂತೆಯೇ ಕಾಣುತ್ತಾನೆ.

1868ರಲ್ಲಿ ಬಾರ್ಸಿಲೋನಾಕ್ಕೆ ಬಂದು, ಮುಂದೆ ವಾಸ್ತುಶಿಲ್ಪದ ಶಾಲೆ ಸೇರಿದ. ಓದುತ್ತಲೇ ಬೇರೆಯವರ ಬಳಿ ನಕ್ಷೆ ಬರೆದು ಹೊಟ್ಟೆ ಹೊರೆದ. 1876ರಲ್ಲಿ ಅಣ್ಣನೂ ತಾಯಿಯೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ವೈದ್ಯಕೀಯ ಓದಿದ ಅಣ್ಣನ ಮೇಲೆ ಮನೆಯವರಿಗೆ ಬಹಳ ಆಸೆಯಿತ್ತು. ಎರಡು ವರ್ಷದ ನಂತರ, 1878ರಲ್ಲಿ, ಗೌದಿಗೆ ಪದವಿ ಸಿಕ್ಕಿತು.

ಆತನ ಮೊದಮೊದಲ ಕೆಲಸಗಳಲ್ಲಿ ಒಂದು ನಮಗೆ ಹತ್ತಿರದ್ದು. ಮತಾರೊ ಎಂಬ ಊರಿನಲ್ಲಿ ನೇಯ್ಗೆ ಕಾರ್ಮಿಕರ ಸಹಕಾರ ಸಂಘವಿತ್ತು. ಹತ್ತಿಯನ್ನು ಬಿಳಿ ಮಾಡುವ ಯಂತ್ರಗಳಿಗೆ ಒಂದು ದೊಡ್ಡ ಶೆಡ್ಡು ಬೇಕಿತ್ತು. ನಡುವೆ ಕಂಬ ಬರಬಾರದು, ಖರ್ಚೂ ಹೆಚ್ಚಾಗಬಾರದು. ಉದ್ದನೆಯ ದೊಡ್ಡ ತೊಲೆಗಳಿಗೆ ದುಡ್ಡೆಲ್ಲಿ? ಗೌದಿ ಗಿಡ್ಡ ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಬೋಲ್ಟು ಬಿಗಿದು, ಅವುಗಳಿಂದಲೇ ದೊಡ್ಡ ಕಮಾನುಗಳನ್ನು ಮಾಡಿ ನಿಲ್ಲಿಸಿದ. 1883ರ ಆ ಶೆಡ್ಡು ಇಂದಿಗೂ ಉಳಿದಿದೆ. ಬಾಗಿದ ಚಾವಣಿ ಎಂದರೆ ಶ್ರೀಮಂತರ ಸೋಕಿ ಎಂದುಕೊಂಡವರು ಇದನ್ನು ನೆನಪಿಡಬೇಕು. ಗೌದಿಯ ಮಟ್ಟಿಗೆ ಅದು ಉಳಿತಾಯದ ದಾರಿಯಾಗಿ ಶುರುವಾಯಿತು.

ತಲೆಕೆಳಗಾದ ಚರ್ಚು

ಒಂದು ಸರಪಳಿಯ ಎರಡು ತುದಿಗಳನ್ನು ಗೋಡೆಯ ಎರಡು ಮೊಳೆಗಳಿಗೆ ಸಿಕ್ಕಿಸಿ ಬಿಡಿ. ಅದು ಬಾಗಿಲ ತೋರಣದಂತೆ ಜೋತುಬೀಳುತ್ತದೆ. ಆ ಆಕಾರವನ್ನು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ಸರಪಳಿಯ ಭಾರವೇ ಅದನ್ನು ಹುಡುಕಿಕೊಂಡಿತು. ಅಲ್ಲಿ ಪ್ರತಿ ಕೊಂಡಿಯೂ ಎಳೆತದಲ್ಲಿದೆ. ಈಗ ಅದೇ ಆಕಾರವನ್ನು ತಲೆಕೆಳಗು ಮಾಡಿ ಇಟ್ಟಿಗೆಯಲ್ಲಿ ಕಟ್ಟಿದರೆ ಪ್ರತಿ ಇಟ್ಟಿಗೆಯೂ ಒತ್ತಡದಲ್ಲಿರುತ್ತದೆ. ಕಲ್ಲು, ಇಟ್ಟಿಗೆಗಳಿಗೆ ಎಳೆದರೆ ಬಿರುಕು, ಒತ್ತಿದರೆ ಬಲ. ಆದ್ದರಿಂದ ಜೋತುಬಿದ್ದ ಸರಪಳಿ ತೋರಿಸಿದ ಕಮಾನು ತೆಳ್ಳಗಿದ್ದರೂ ನಿಲ್ಲುತ್ತದೆ. ಈ ಮಾತನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲೇ ಒಗಟಿನ ರೂಪದಲ್ಲಿ ಪ್ರಕಟಿಸಿದ್ದ. ಗೌದಿ ಮಾಡಿದ್ದು ಏನೆಂದರೆ, ಒಂದು ಸರಪಳಿಯ ಬದಲು ಇಡೀ ಕಟ್ಟಡವನ್ನೇ ತೂಗುಹಾಕಿದ್ದು.

ಬಟ್ಟೆ ಗಿರಣಿಯ ಮಾಲೀಕ ಯುಸೇಬಿ ಗ್ವೆಲ್ ಆತನ ಪೋಷಕ, ಸ್ನೇಹಿತ. ಊರಾಚೆ ಗಿರಣಿ ಕಾರ್ಮಿಕರಿಗೆಂದು ಕಟ್ಟಿಸಿದ ಬಡಾವಣೆಗೆ ಒಂದು ಚರ್ಚು ಬೇಕೆಂದು 1898ರಲ್ಲಿ ಗೌದಿಗೆ ಕೆಲಸ ಒಪ್ಪಿಸಿದ. ಗೌದಿ ಜಾಗದ ಪಕ್ಕದಲ್ಲೊಂದು ಶೆಡ್ಡು ಹಾಕಿಸಿ, ಅದರ ಚಾವಣಿಯಿಂದ ನೂರಾರು ದಾರಗಳನ್ನು ಇಳಿಬಿಟ್ಟ. ಒಂದು ದಾರಕ್ಕೆ ಇನ್ನೊಂದನ್ನು ಕಟ್ಟಿದ. ಕಂಬ, ಕಮಾನುಗಳು ಹೊರಬೇಕಾದ ಭಾರಕ್ಕೆ ತಕ್ಕಂತೆ, ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಅಲ್ಲಲ್ಲಿ ನೇತುಹಾಕಿದ. ನಿಜವಾದ ಕಟ್ಟಡದ ಹತ್ತನೇ ಒಂದು ಅಳತೆ. ಎಲ್ಲೋ ಒಂದು ಚೀಲ ಹೆಚ್ಚಿಸಿದರೆ ಬಲೆಯೆಲ್ಲ ಅಲುಗಿ ಹೊಸ ಆಕಾರಕ್ಕೆ ಬರುತ್ತಿತ್ತು. ಮತ್ತೆ ಎಲ್ಲ ದಾರಗಳನ್ನೂ ಅಳೆಯಬೇಕು. ಹೀಗೆ ಸುಮಾರು ಹತ್ತು ವರ್ಷ! ಕೊನೆಗೆ ಆ ಬಲೆಯ ಫೋಟೋ ತೆಗೆಸಿ, ಫೋಟೋವನ್ನು ತಲೆಕೆಳಗು ಹಿಡಿದು, ಅದರ ಮೇಲೆಯೇ ಬಣ್ಣದಲ್ಲಿ ಗೋಡೆ, ಗೋಪುರ ಬಿಡಿಸಿದ.

ಇಂದು ಕಂಪ್ಯೂಟರಿನಲ್ಲಿ ಇದನ್ನೇ ಮಾಡುವ ತಂತ್ರಾಂಶಗಳಿವೆ. ರೈನೊ ಎಂಬ ತಂತ್ರಾಂಶದ ಜೊತೆ ಕೆಲಸ ಮಾಡುವ ಕಾಂಗರೂ ಎಂಬುದರಲ್ಲಿ ಒಂದು ಬಲೆ ಹೆಣೆದು, ನಾಲ್ಕು ಮೂಲೆ ಹಿಡಿಸಿ, ಭಾರ ಕೊಟ್ಟರೆ ಸಾಕು. ಬಲೆ ತಾನೇ ಜೋತುಬಿದ್ದು ಆಕಾರ ತೋರಿಸುತ್ತದೆ. ಭಾರ ಬದಲಿಸಿದರೆ ಕಣ್ಣೆದುರೇ ಚಾವಣಿ ಬದಲಾಗುತ್ತದೆ. ಗೌದಿಯ ಹತ್ತು ವರ್ಷದ ಕೆಲಸವನ್ನು ಹುಡುಗನೊಬ್ಬ ಒಂದು ಮಧ್ಯಾಹ್ನದಲ್ಲಿ ಪ್ರಯತ್ನಿಸಿ ನೋಡಬಹುದು.

ಆದರೆ ಆ ಚರ್ಚು ಪೂರ್ತಿ ಆಗಲಿಲ್ಲ. 1908ರಲ್ಲಿ ಕಟ್ಟಲು ತೊಡಗಿ, ನೆಲಮಟ್ಟದ ಭಾಗ ಮುಗಿಯುವಷ್ಟರಲ್ಲಿ 1914ರಲ್ಲಿ ಗ್ವೆಲ್ ಮನೆತನ ಹಣ ನಿಲ್ಲಿಸಿತು. ಮೇಲಿನ ಚರ್ಚು ದಾರದಲ್ಲೇ ಉಳಿಯಿತು.

ಇಲ್ಲಿ ಲೇಪಾಕ್ಷಿ ನೆನಪಾಗದೆ ಇರದು. ನಮ್ಮ ವಿರೂಪಣ್ಣ ಕಟ್ಟಿಸಿದ ದೇವಸ್ಥಾನದ ಕಲ್ಯಾಣ ಮಂಟಪವೂ ಹಾಗೆಯೇ ಅರ್ಧಕ್ಕೆ ನಿಂತದ್ದು. ಕಂಬಗಳಿವೆ, ಮೇಲೆ ಚಾವಣಿಯಿಲ್ಲ. ಖಜಾನೆಯ ಹಣ, ಕಿತ್ತ ಕಣ್ಣು, ಗೋಡೆಯ ಕೆಂಪು ಗುರುತಿನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅಂದ ಹಾಗೆ ಲೇಪಾಕ್ಷಿಯ ಶಿಲ್ಪಿಗಳು ಕಮಾನಿನ ದಾರಿ ಹಿಡಿದವರಲ್ಲ. ನಾಟ್ಯ ಮಂಟಪದ ನಡುವೆ ಹನ್ನೆರಡು ಕಂಬಗಳ ಮೇಲೆ ಕಮಲದಂತೆ ಕಾಣುವ ಚಾವಣಿ ಕಲ್ಲಿನ ಮೇಲೆ ಕಲ್ಲನ್ನು ಮುಂದೆ ಚಾಚಿ ಮುಚ್ಚಿದ್ದು. ಕಮಾನು ನೋಡಬೇಕೆಂದರೆ ಪೆನುಕೊಂಡದ ಗಗನ ಮಹಲಿಗೆ ಹೋಗಬೇಕು.

ನೆಟ್ಟನೆ ಕೋಲಿನಿಂದ ಡೊಂಕು ಚಾವಣಿ

ನನ್ನ ಅಭಿಪ್ರಾಯ ಕೇಳಿದರೆ ಗೌದಿಯ ಅತ್ಯಂತ ಜಾಣ ಕೆಲಸ ದೊಡ್ಡ ಚರ್ಚಲ್ಲ, ಅದರ ಅಂಗಳದಲ್ಲಿ 1909ರಲ್ಲಿ ಕಟ್ಟಿದ ಪುಟ್ಟ ಶಾಲೆ. ಚರ್ಚು ಕಟ್ಟುವ ಕೂಲಿಗಳ ಮಕ್ಕಳಿಗೂ ಸುತ್ತಲ ಬಡ ಮಕ್ಕಳಿಗೂ ಅದು ತಾತ್ಕಾಲಿಕ ಶಾಲೆ. ಮೂರು ತರಗತಿ, ಸುಮಾರು 20 ಮೀಟರ್ ಉದ್ದ, 10 ಮೀಟರ್ ಅಗಲ. ಮುಂದೊಂದು ದಿನ ಕೆಡವುವ ಕಟ್ಟಡ, ಅದಕ್ಕೆ ಹೆಚ್ಚು ಖರ್ಚು ಮಾಡುವಂತಿಲ್ಲ.

ಆ ಸೀಮೆಯಲ್ಲಿ ತೆಳುವಾದ ಚಪ್ಪಟೆ ಇಟ್ಟಿಗೆಗಳನ್ನು ಬೇಗ ಗಟ್ಟಿಯಾಗುವ ಜಿಪ್ಸಮ್ಮಿನಿಂದ ಅಂಟಿಸಿ, ಪದರದ ಮೇಲೆ ಪದರ ಕೂಡಿಸಿ, ಸೆಂಟ್ರಿಂಗ್ ಹಲಗೆಗಳ ಗೊಡವೆಯೇ ಹೆಚ್ಚಿಲ್ಲದೆ ಕಮಾನು ಕಟ್ಟುವ ಹಳೆಯ ಪದ್ಧತಿಯಿತ್ತು. ಗೌದಿ ಅದನ್ನೇ ಹಿಡಿದ. ಗೋಡೆಯನ್ನು ಹಾವಿನಂತೆ ಅಲೆಅಲೆಯಾಗಿ ಎಬ್ಬಿಸಿದ. ನೆಟ್ಟಗಿನ ಹಾಳೆ ನಿಲ್ಲಿಸಿದರೆ ಬೀಳುತ್ತದೆ, ಮಡಿಕೆ ಮಾಡಿದರೆ ನಿಲ್ಲುತ್ತದಲ್ಲವೇ, ಹಾಗೆ. ಚಾವಣಿಗೆ ನಡುವೆ ಉದ್ದಕ್ಕೂ ಒಂದೇ ನೇರ ತೊಲೆ. ಅದರ ಮೇಲೆ ಅಡ್ಡಲಾಗಿ ನೇರವಾದ ಮರದ ಜಂತೆಗಳು. ಒಂದು ಜಂತೆಯ ಬಲತುದಿ ಮೇಲಿದ್ದರೆ ಎಡತುದಿ ಕೆಳಗೆ. ಮುಂದಿನದು ಸ್ವಲ್ಪ ಕಡಿಮೆ ವಾಲು, ಅದರ ಮುಂದಿನದು ಮಟ್ಟಸ, ಆಮೇಲೆ ಆ ಕಡೆಗೆ ವಾಲು. ಏತದಂತೆ ಒಂದೊಂದಾಗಿ ವಾಲುತ್ತ ಹೋದ ಜಂತೆಗಳ ಮೇಲೆ ಇಟ್ಟಿಗೆ ಪದರ ಬಿದ್ದಾಗ ಇಡೀ ಚಾವಣಿ ಗಾಳಿಗೆ ಅಲೆಯುವ ಸೀರೆಯಂತಾಯಿತು. ಅದರಲ್ಲಿ ಬಾಗಿಸಿದ ಒಂದೇ ಒಂದು ಮರವಿಲ್ಲ. ಮಳೆನೀರು ತಗ್ಗಿನಲ್ಲಿ ತಾನೇ ಹರಿದುಹೋಗುತ್ತದೆ. 1928ರಲ್ಲಿ ಬಾರ್ಸಿಲೋನಾಕ್ಕೆ ಬಂದ ಲೆ ಕಾರ್ಬುಸಿಯೆ, ಅಂದರೆ ಮುಂದೆ ನಮ್ಮ ಚಂಡೀಗಢ ಕಟ್ಟಿದಾತ, ಈ ಚಾವಣಿಯನ್ನು ತನ್ನ ಪುಸ್ತಕದಲ್ಲಿ ಗೀಚಿಕೊಂಡು ಹೋದ.

ನಕ್ಷೆ ಕಲಿಯುವ ಹುಡುಗರು ಇಲ್ಲಿ ಗಮನಿಸಬೇಕು. ರೆವಿಟ್ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಒಂದು ಡೊಂಕು ಗೆರೆ ಬರೆದು ಅದನ್ನೇ ಉದ್ದಕ್ಕೆ ಎಳೆದು ಚಾವಣಿ ಮಾಡುತ್ತಾರೆ. ನಮ್ಮ ಫಂಕ್ಷನ್ ಹಾಲಿನ ತಗಡಿಗೆ ಅದು ಸಾಕು. ಈ ಶಾಲೆಯ ಚಾವಣಿ ಅದರಲ್ಲಿ ಬರುವುದಿಲ್ಲ, ಯಾಕೆಂದರೆ ಡೊಂಕು ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಅದಕ್ಕೆ ಬೇಕಾದ್ದು ಎರಡು ಗೆರೆಗಳು: ನಡುವೆ ನೇರ ತೊಲೆಯ ಗೆರೆ, ಗೋಡೆಯ ತಲೆಯ ಮೇಲೆ ಅಲೆಯ ಗೆರೆ. ಇವೆರಡರ ನಡುವೆ ನೇರ ಗೆರೆಗಳನ್ನು ತುಂಬು ಎಂದು ಹೇಳಬೇಕು. ಆಟೋಕ್ಯಾಡಿನಲ್ಲಿ ಇದಕ್ಕೆ ರೂಲ್‌ಸರ್ಫ್ ಎಂಬ ಆಜ್ಞೆ ಹಳೆಯ ಕಾಲದಿಂದಲೂ ಇದೆ. ಸ್ಕೆಚಪ್ಪಿನಲ್ಲಾದರೆ ಡೊಂಕೆಂಬುದೇ ಸಣ್ಣ ಸಣ್ಣ ಚಪ್ಪಟೆ ತುಂಡುಗಳ ಜೋಡಣೆ. ತುಂಡು ದೊಡ್ಡದಾದರೆ ಚಾವಣಿ ಮೂಲೆಮೂಲೆಯಾಗಿ ಕಾಣುತ್ತದೆ, ಚಿಕ್ಕದಾದರೆ ಕಂಪ್ಯೂಟರು ಏದುಸಿರು ಬಿಡುತ್ತದೆ.

ನೇರ ಗೆರೆಗಳಿಂದ ಹುಟ್ಟುವ ಈ ಡೊಂಕಿಗೆ ಮನೆಯಲ್ಲೇ ಉದಾಹರಣೆಯಿದೆ. ಹಗ್ಗದ ಮಂಚ ನೋಡಿ, ತೆಲುಗಿನ ನುಲಕ ಮಂಚ. ನಾಲ್ಕು ಕಾಲೂ ಸರಿಯಿದ್ದರೆ ಹಗ್ಗದ ಹಾಸು ಚಪ್ಪಟೆ. ಚೌಕಟ್ಟು ತಿರುಚಿ ಒಂದು ಮೂಲೆ ಮೇಲೆದ್ದರೆ ಹಗ್ಗಗಳೆಲ್ಲ ಬಿಗಿಯಾಗಿ ನೆಟ್ಟಗೇ ಇರುತ್ತವೆ, ಹಾಸು ಮಾತ್ರ ಕುದುರೆಯ ಜೀನಿನಂತೆ ಬಾಗುತ್ತದೆ. ಹಾಗೆಯೇ ಒಂದು ಹಿಡಿ ನೇರ ಕಡ್ಡಿಗಳ ತಲೆ, ಬುಡ ಹಿಡಿದು ತಿರುಚಿದರೆ ನಡು ಸಣ್ಣಗಾಗಿ ಡಮರುವಿನ ಆಕಾರ ಬರುತ್ತದೆ. ಗೌದಿ ಕೊನೆಯ ವರ್ಷಗಳಲ್ಲಿ ದೊಡ್ಡ ಚರ್ಚಿನ ಕಮಾನು, ಕಿಟಕಿ, ಚಾವಣಿ ಎಲ್ಲವನ್ನೂ ಇಂಥ ಆಕಾರಗಳಿಂದಲೇ ಕೂಡಿಸಿದ. ಕಾರಣ ಸರಳ. ಗಾರೆ ಕೆಲಸದವನಿಗೆ ದಾರ ಹಿಡಿದು ನೇರ ಗೆರೆ ತೋರಿಸಿದರೆ ಸಾಕು, ಡೊಂಕು ತಾನಾಗಿ ಬರುತ್ತದೆ.

ಬಟ್ಟೆ, ಭಾಷೆ, ಪೊಲೀಸು

ಆ ದೊಡ್ಡ ಚರ್ಚಿನ ಹೆಸರು ಸಗ್ರಾದಾ ಫಮೀಲಿಯಾ, ಪವಿತ್ರ ಕುಟುಂಬ ಎಂದರ್ಥ. 1882ರ ಮಾರ್ಚ್ 19ರಂದು ಶಂಕುಸ್ಥಾಪನೆ ಆದದ್ದು ಬೇರೊಬ್ಬ ವಾಸ್ತುಶಿಲ್ಪಿಯ ನಕ್ಷೆಗೆ. ಆತ ಬಿಟ್ಟುಹೋದ ಮೇಲೆ 1883ರಲ್ಲಿ 31ರ ಹರೆಯದ ಗೌದಿಗೆ ಬಂತು. ಸಾಯುವವರೆಗೂ 43 ವರ್ಷ ಅದನ್ನು ಬಿಡಲಿಲ್ಲ.

ವಯಸ್ಸಿನಲ್ಲಿ ಒಳ್ಳೆಯ ಬಟ್ಟೆ, ಒಳ್ಳೆಯ ಊಟ ಇಷ್ಟಪಡುತ್ತಿದ್ದ ಮನುಷ್ಯ ಬರಬರುತ್ತ ಸನ್ಯಾಸಿಯಂತಾದ. 1894ರಲ್ಲಿ ಉಪವಾಸ ಹಿಡಿದು ಸಾಯುವ ಸ್ಥಿತಿಗೆ ಹೋಗಿದ್ದ. ಮದುವೆ ಆಗಲಿಲ್ಲ. ಹಾಗೆಂದು ಸಾಧುಪ್ರಾಣಿಯೇನಲ್ಲ, ಹಟಮಾರಿ. ಕಾಸಾ ಮಿಲಾ ಎಂಬ ಬಂಗಲೆಯ ಮಾಲೀಕರೊಡನೆ ಸಂಬಳಕ್ಕಾಗಿ ಕೋರ್ಟಿಗೆ ಹೋಗಿ ಗೆದ್ದ, ಬಂದ ಹಣವನ್ನು ಧರ್ಮಕ್ಕೆ ಕೊಟ್ಟುಬಿಟ್ಟ. ಆ ಮನೆಯ ಅಟ್ಟದಲ್ಲಿ ಸರಪಳಿಯ ಆಕಾರದ 270 ಇಟ್ಟಿಗೆ ಕಮಾನುಗಳಿವೆ. ಎಲ್ಲ ಒಂದೇ ಎತ್ತರದವಲ್ಲ. ಆದ್ದರಿಂದಲೇ ಮೇಲಿನ ತಾರಸಿ ಗುಡ್ಡದಂತೆ ಏರಿಳಿಯುತ್ತದೆ.

ಸಾವುಗಳು ಬೆನ್ನು ಬಿಡಲಿಲ್ಲ. 1906ರಲ್ಲಿ ತಂದೆ, 1912ರಲ್ಲಿ ಮನೆ ನೋಡಿಕೊಳ್ಳುತ್ತಿದ್ದ ಅಕ್ಕನ ಮಗಳು, 1914ರಲ್ಲಿ ಬಲಗೈಯಂತಿದ್ದ ಬೆರೆಂಗರ್, 1918ರಲ್ಲಿ ಗ್ವೆಲ್. ಆಮೇಲೆ ಆತನಿಗೆ ಚರ್ಚು ಬಿಟ್ಟು ಬೇರೆ ಲೋಕವಿರಲಿಲ್ಲ. ಹಣ ಸಾಲದಾದಾಗ ತಾನೇ ಮನೆಮನೆಗೆ ಹೋಗಿ ಚಂದಾ ಬೇಡಿದ. 1925ರಲ್ಲಿ ಹಾಸಿಗೆಯನ್ನೂ ಕೆಲಸದ ಶೆಡ್ಡಿಗೇ ತಂದುಕೊಂಡ.

ಈಗ ಭಾಷೆಯ ಮಾತು. ಕ್ಯಾಟಲೋನಿಯಾದವರ ಮನೆಮಾತು ಕತಲಾನ್, ಸರ್ಕಾರದ ಭಾಷೆ ಸ್ಪ್ಯಾನಿಷ್. 1923ರಲ್ಲಿ ಅಧಿಕಾರ ಹಿಡಿದ ಸೇನಾಧಿಕಾರಿ ಪ್ರಿಮೊ ದೆ ರಿವೇರಾ ಕತಲಾನ್ ಭಾಷೆಯ ಮೇಲೆ ನಿರ್ಬಂಧ ಹೇರಿದ. 1924ರ ಸೆಪ್ಟೆಂಬರ್ 11, ಕತಲಾನರು ತಮ್ಮ ಹಿರಿಯರನ್ನು ನೆನೆಯುವ ದಿನ. 72ರ ಗೌದಿ ಪ್ರಾರ್ಥನೆಗೆಂದು ಹಳೆಯ ಚರ್ಚೊಂದಕ್ಕೆ ಹೊರಟಾಗ ಪೊಲೀಸರು ತಡೆದರು. ಆತನಿಗೆ ಸ್ಪ್ಯಾನಿಷ್ ಚೆನ್ನಾಗಿಯೇ ಬರುತ್ತಿತ್ತು. ಆದರೂ ಪೊಲೀಸರ ಒಂದೊಂದು ಪ್ರಶ್ನೆಗೂ ಕತಲಾನಿನಲ್ಲೇ ಉತ್ತರ ಕೊಟ್ಟ. ಬೈದರು, ಹಿಡಿದುಕೊಂಡು ಹೋಗಿ ಕೆಲವು ಗಂಟೆ ಕೂಡಿಹಾಕಿದರು. ದಂಡ ಕಟ್ಟಿದ ಮೇಲೆ ಬಿಟ್ಟರು. ಭಾಷೆ ಬದಲಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಆತ ಬದಲಿಸಲಿಲ್ಲ. ಸರಿಯೋ ತಪ್ಪೋ, ಎರಡು ಭಾಷೆಯ ನಡುವೆ ಬದುಕುವ ನಾವು ನೀವು ಯೋಚಿಸಬೇಕಾದ ಸಂಗತಿ. ಎರಡೂ ಬರುವವನಿಗೆ ಎಲ್ಲಿ ಯಾವುದನ್ನು ಆಡಬೇಕೆಂಬ ಸಂಕಟ ಒಂದೇ ಭಾಷೆಯವರಿಗೆ ತಿಳಿಯುವುದಿಲ್ಲ.

1926ರ ಜೂನ್ 7ರ ಸಂಜೆ ರಸ್ತೆ ದಾಟುವಾಗ ಟ್ರಾಮ್ ಬಡಿಯಿತು. ಹಳೆಯ ಬಟ್ಟೆ, ಜೇಬಿನಲ್ಲಿ ಗುರುತಿನ ಕಾಗದವಿಲ್ಲ. ಯಾರೋ ಭಿಕ್ಷುಕನೆಂದುಕೊಂಡು ಜನ ಸುಮ್ಮನಿದ್ದರು. ಕೊನೆಗೆ ಬಡವರ ಆಸ್ಪತ್ರೆಗೆ ಸೇರಿಸಿದರು. ಗುರುತು ಸಿಕ್ಕುವಷ್ಟರಲ್ಲಿ ಹೊತ್ತು ಮೀರಿತ್ತು. ಮೂರನೇ ದಿನ ಪ್ರಾಣ ಹೋಯಿತು. ಶವಯಾತ್ರೆಗೆ ಮಾತ್ರ ಊರಿಗೆ ಊರೇ ಬಂತು. ತಾನು ಕಟ್ಟುತ್ತಿದ್ದ ಚರ್ಚಿನ ನೆಲಮನೆಯಲ್ಲೇ ಸಮಾಧಿಯಾದ. ಆಗ ಪೂರ್ತಿಯಾಗಿದ್ದ ಗಂಟೆಗೋಪುರ ಒಂದೇ ಒಂದು.

ಒಡೆದ ಚೂರುಗಳು

ಹತ್ತು ವರ್ಷದ ಮೇಲೆ, 1936ರ ಜುಲೈನಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಜನರ ಗುಂಪು ನುಗ್ಗಿ ಗೌದಿಯ ಕೆಲಸದ ಮನೆಗೆ ಬೆಂಕಿ ಇಟ್ಟಿತು. ನಕ್ಷೆಗಳು ಸುಟ್ಟವು. ಪುಟ್ಟ ಶಾಲೆಯೂ ಸುಟ್ಟಿತು. ಸುಣ್ಣಗಾರೆಯ ದೊಡ್ಡ ದೊಡ್ಡ ಮಾದರಿಗಳನ್ನು ಚೂರುಚೂರು ಮಾಡಿದರು. ಶಿಷ್ಯರು ಆ ಚೂರುಗಳನ್ನು ಆಯ್ದಿಟ್ಟರು.

ನಕ್ಷೆಯಿಲ್ಲದೆ ಮುಂದೆ ಕಟ್ಟುವುದು ಹೇಗೆ? 1965ರಲ್ಲಿ ಲೆ ಕಾರ್ಬುಸಿಯೆ ಸೇರಿದಂತೆ ಅನೇಕ ದೊಡ್ಡವರು, ಇನ್ನು ಕಟ್ಟುವುದು ಬೇಡವೆಂದು ಪತ್ರಕ್ಕೆ ಸಹಿ ಹಾಕಿದರು. ಗೌದಿಯ ಹೆಸರಿನಲ್ಲಿ ಯಾರದೋ ಊಹೆಯನ್ನು ಕಟ್ಟಿದಂತಾಗುತ್ತದೆ ಎಂಬುದು ಅವರ ವಾದ. ತೆಗೆದುಹಾಕುವ ಮಾತಲ್ಲ.

ಇಲ್ಲಿ ಆ ಹಗ್ಗದ ಮಂಚದ ಲೆಕ್ಕ ಕೈಹಿಡಿಯಿತು. ಮನಸ್ಸಿಗೆ ಬಂದಂತೆ ಕೆತ್ತಿದ ಡೊಂಕಾಗಿದ್ದರೆ ಚೂರಿನಿಂದ ಪೂರ್ತಿ ಆಕಾರ ಹೇಳಲು ಸಾಧ್ಯವೇ ಇರಲಿಲ್ಲ. ಆದರೆ ನೇರ ಗೆರೆಗಳಿಂದ ಹುಟ್ಟಿದ ಆಕಾರವನ್ನು ಕೆಲವೇ ಅಂಕಿಗಳು ಹಿಡಿದಿಡುತ್ತವೆ. ಚೂರನ್ನು ಅಳೆದು ಆ ಅಂಕಿಗಳನ್ನು ಕಂಡುಹಿಡಿದರೆ ಕಳೆದುಹೋದ ಉಳಿದ ಭಾಗವೂ ಬರುತ್ತದೆ. 1979ರಲ್ಲಿ ವಿದ್ಯಾರ್ಥಿಯಾಗಿ ಬಂದ ನ್ಯೂಜಿಲೆಂಡಿನ ಮಾರ್ಕ್ ಬರಿ ಮೊದಲು ಕೈಯಿಂದಲೇ ಈ ಲೆಕ್ಕ ಮಾಡಿದ. 1990ರ ಆಸುಪಾಸಿನಲ್ಲಿ ಕಂಪ್ಯೂಟರಿಗೆ ತಂದಾಗ ಕಟ್ಟಡ ನಕ್ಷೆಯ ತಂತ್ರಾಂಶಗಳು ಕೈಚೆಲ್ಲಿದವು. ಎರಡು ಡಮರು ಒಂದನ್ನೊಂದು ಕತ್ತರಿಸುವ ಗೆರೆ ಎಲ್ಲಿ ಬರುತ್ತದೆಂದು ಹೇಳಲು ಅವಕ್ಕೆ ಬರುತ್ತಿರಲಿಲ್ಲ. ವಿಮಾನ ತಯಾರಿಸುವವರ ಕಟಿಯಾ ತಂತ್ರಾಂಶ ತಂದು ಕೆಲಸ ಸಾಗಿಸಿದರು. ಕಟ್ಟಡದ ನಕ್ಷೆಗೆ ಅಂಕಿ ಬದಲಿಸಿದರೆ ಆಕಾರ ತಾನೇ ಬದಲಾಗುವ ತಂತ್ರಾಂಶವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಬಳಸಿದ ಜಾಗಗಳಲ್ಲಿ ಈ ಚರ್ಚೂ ಒಂದು.

ಒಳಗಿನ ಚಾವಣಿ ಮುಚ್ಚಿ, 2010ರ ನವೆಂಬರ್ 7ರಂದು ಪೋಪ್ 16ನೇ ಬೆನೆಡಿಕ್ಟ್ ಪ್ರತಿಷ್ಠೆ ಮಾಡಿದರು. 2025ರ ಏಪ್ರಿಲಿನಲ್ಲಿ ಪೋಪ್ ಫ್ರಾನ್ಸಿಸ್ ಗೌದಿಯನ್ನು ಪೂಜ್ಯನೆಂದು ಘೋಷಿಸಿದರು, ಸಂತನಾಗುವ ದಾರಿಯಲ್ಲಿ ಅದೊಂದು ಮೆಟ್ಟಿಲು. ಅದೇ ವರ್ಷ ಅಕ್ಟೋಬರಿನಲ್ಲಿ ನಡುಗೋಪುರ ಜರ್ಮನಿಯ ಉಲ್ಮ್ ಚರ್ಚನ್ನು ಮೀರಿ ಜಗತ್ತಿನ ಅತಿ ಎತ್ತರದ ಚರ್ಚಾಯಿತು. ಆ ಗೋಪುರಕ್ಕೆ ಗೊತ್ತುಮಾಡಿದ ಎತ್ತರ 172.5 ಮೀಟರ್. ಊರಿನ ಮೊಂಜುಯಿಕ್ ಗುಡ್ಡಕ್ಕಿಂತ ತುಸು ಕಡಿಮೆ. ದೇವರು ಮಾಡಿದ ಗುಡ್ಡವನ್ನು ಮನುಷ್ಯ ಕಟ್ಟಿದ್ದು ಮೀರಬಾರದೆಂಬುದು ಗೌದಿಯ ಲೆಕ್ಕವಾಗಿತ್ತಂತೆ.

ಮುಖ್ಯ ಬಾಗಿಲಿನ ಕಡೆ ಮಾತ್ರ ಜಗಳವಿದೆ. ಅಲ್ಲಿ ರಸ್ತೆಯ ಮೇಲಿಂದ ಇಳಿಯುವ ದೊಡ್ಡ ಮೆಟ್ಟಿಲುಗಳು ಬರಬೇಕೆಂದು ಚರ್ಚಿನವರ ಯೋಜನೆ. ಅದು ಗೌದಿಯದೇ ಇಷ್ಟ ಎಂದು ಅವರು, ಅಲ್ಲವೆಂದು ವಿರೋಧಿಗಳು. ಮೆಟ್ಟಿಲು ಬರಬೇಕಾದರೆ ಎದುರಿನ ಮನೆಗಳು ಹೋಗಬೇಕು. ಹೆದ್ದಾರಿ ಅಗಲ ಮಾಡಿದಾಗ ಮನೆಯಂಗಳ ಕಳೆದುಕೊಂಡ ನಮ್ಮವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ನಿವಾಸಿಗಳು ಸಂಘ ಕಟ್ಟಿಕೊಂಡು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಸುಟ್ಟ ಶಾಲೆಯನ್ನು ಮತ್ತೆ ಕಟ್ಟಿದ್ದರು. 2002ರಲ್ಲಿ ಅದನ್ನು ಚರ್ಚಿನ ಅಂಗಳದ ಇನ್ನೊಂದು ಮೂಲೆಗೆ ಸರಿಸಿದರು. ಅದೇ ಅಲೆ ಚಾವಣಿ, ಅವೇ ನೆಟ್ಟನೆ ಜಂತೆಗಳು.